ಏಳನೇ ಹಾಸಿಗೆಯ ಪಾಲು

ಮೂವತ್ತಾರನೇ ವಯಸ್ಸಿನಲ್ಲಿ ನರ್ಸಿಂಗ್ ಶಾಲೆ ಸೇರಿದವಳನ್ನು ಹದಿನೆಂಟರ ಹುಡುಗಿಯರು ದೊಡ್ಡಕ್ಕ ಎಂದು ಕರೆದದ್ದು ಗೌರವಕ್ಕಲ್ಲ, ಗೇಲಿಗೆ. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆಯಲ್ಲಿ, ಬೀರುವಿಗೂ ಗೋಡೆಗೂ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದವಳು ಅವಳು. ಗೇಲಿ ಅವಳಿಗೆ ಹಳೆಯ ನೆಂಟ. ಬಂದರೆ ಬಾ ಅನ್ನುತ್ತಿರಲಿಲ್ಲ, ಹೋಗು ಅನ್ನುತ್ತಲೂ ಇರಲಿಲ್ಲ.

ಓದು ಮುಗಿಯುವುದಕ್ಕೆ ಒಂದೇ ಒಂದು ಸಹಿ ಬಾಕಿ ಇತ್ತು. ಪ್ರತಿ ವಿದ್ಯಾರ್ಥಿನಿಗೂ ಒಂದು ಪುಸ್ತಕ, ಅದರಲ್ಲಿ ಮೂವತ್ತು ಕೆಲಸ. ಸೂಜಿ ಚುಚ್ಚುವುದು, ಗಾಯ ತೊಳೆಯುವುದು, ಎಲ್ಲವನ್ನೂ ವಾರ್ಡಿನ ಸಿಸ್ಟರ್ ಕಣ್ಣೆದುರೇ ಮಾಡಿ ಸಹಿ ಹಾಕಿಸಿಕೊಳ್ಳಬೇಕು. ಮೂವತ್ತನೆಯದು, ಸತ್ತವರ ಮೈ ಒರೆಸಿ, ಕಣ್ಣು ಬಾಯಿ ಮುಚ್ಚಿ, ಬಟ್ಟೆ ಸುತ್ತಿ ಕಳಿಸುವುದು. ಅದಕ್ಕೆ ಯಾರಾದರೂ ಸಾಯಬೇಕಲ್ಲ. ಜಗಳ ಬೇಡವೆಂದು ಹುಡುಗಿಯರು ಚೀಟಿ ಎತ್ತಿ ಹಾಸಿಗೆಗಳನ್ನೇ ಹಂಚಿಕೊಂಡಿದ್ದರು. ದೊಡ್ಡಕ್ಕನ ಪಾಲಿಗೆ ಬಂದದ್ದು ಏಳನೆಯದು. ಅದರಲ್ಲಿ ಎದೆ ಕೆಟ್ಟ ಒಬ್ಬ ಮುದಿ ದರ್ಜಿ. ಇನ್ನೊಂದು ವಾರ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಶನಿವಾರ ಸಂಜೆಯೊಳಗೆ ಪುಸ್ತಕ ಒಪ್ಪಿಸದಿದ್ದರೆ ಮುಂದಿನ ತಂಡದವರ ಜೊತೆ ಮತ್ತೆ ಆರು ತಿಂಗಳು.

ಚೀಟಿಯ ಸಂಗತಿ ದರ್ಜಿಯ ಕಿವಿಗೂ ಬಿದ್ದಿತ್ತು. ಬೆಳಿಗ್ಗೆ ಅವಳು ಬಂದ ಕೂಡಲೇ ಕಣ್ಣು ತೆರೆಯುತ್ತಿದ್ದ.

"ಇವತ್ತೂ ನಿರಾಸೆ ಮಾಡಿಬಿಟ್ಟೆ ನೋಡು ತಾಯಿ."

"ಸುಮ್ನೆ ಆ ಕಡೆ ತಿರುಗಿ ಅಜ್ಜ."

"ತಿರುಗಿಸು, ತಿರುಗಿಸು. ನಿನ್ನ ಮಾಲು, ಸುಕ್ಕಾಗಬಾರದು."

ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಪಾಠ. ಮಿಕ್ಕ ಹುಡುಗಿಯರು ಬದಲಿಸಿದೆವೆಂದು ಬರೆದಿಡುತ್ತಿದ್ದರು. ಇವಳು ಬದಲಿಸಿಯೇ ಬರೆಯುತ್ತಿದ್ದಳು.

ಮನೆಯಲ್ಲಿ ಅತ್ತಿಗೆಯದು ಬೇರೆ ರಾಗ. "ಹೋದ ವರ್ಷ ಪಾಸಾದವ್ರು ಮೂವತ್ತೆರಡು ಜನ ಕಣೆ. ಕೆಲಸ ಸಿಕ್ಕಿದ್ದು ನಾಲ್ಕು ಜನಕ್ಕೆ. ಒಬ್ಳಂತೂ ನಿಮ್ಮ ಆಸ್ಪತ್ರೇಲೇ ನೆಲ ಒರೆಸ್ತಿದಾಳೆ, ಸರ್ಟಿಫಿಕೇಟು ಟ್ರಂಕಿನಲ್ಲಿ ಭದ್ರವಾಗಿದೆ. ಬಟ್ಟೆ ಅಂಗಡಿಯವ್ರು ನಿನಗೆ ಕೆಲಸ ಕೊಡೋಕೆ ಸೋಮವಾರದ ತನಕ ಕಾಯ್ತೀವಿ ಅಂದಿದಾರೆ. ಆರು ತಿಂಗಳು ಅಂತ ಇನ್ನೊಂದ್ಸಲ ಬಾಯಿ ತೆಗೆದ್ರೆ ಆ ಚಾಪೆ ಸುತ್ಕೊಂಡು ಹೋಗು."

"ಶನಿವಾರದೊಳಗೆ ಮುಗಿಯುತ್ತೆ ಅತ್ತಿಗೆ."

"ಹೆಂಗೆ ಮುಗಿಯುತ್ತೆ? ಆ ಮುದುಕನಿಗೆ ಬಾಣಂತಿ ಥರ ಸೇವೆ ಮಾಡ್ತಿದೀಯ. ಸ್ವಲ್ಪ ಕೈ ಸಡಿಲ ಬಿಡು. ನೀನೇನು ಕೊಲ್ಲಬೇಕಿಲ್ಲ."

ಶುಕ್ರವಾರ ಮಧ್ಯಾಹ್ನ ಸಿಸ್ಟರ್ ಊಟಕ್ಕೆ ಹೋಗಿದ್ದಾಗ ದರ್ಜಿಯ ಗಂಟಲಿಗೆ ಕಫ ಕಟ್ಟಿತು. ತುಟಿ ನೀಲಿಯಾಯಿತು, ಕೈ ಹಾಸಿಗೆಯ ಬಟ್ಟೆಯನ್ನು ಕಿವುಚಿತು. ಕಫ ಎಳೆಯುವ ಯಂತ್ರ ಪಕ್ಕದಲ್ಲೇ ಇತ್ತು, ಕೊಳವೆ ಅವಳ ಕೈಯಲ್ಲೇ ಇತ್ತು. ಅವಳು ನಿಂತಳು. ಒಂದು ಉಸಿರು ಎಳೆದು ಬಿಟ್ಟಳು. ಎರಡನೆಯದು. ಮೂರನೆಯದು. ಮುದುಕನ ಕಣ್ಣು ಅವಳ ಮುಖದ ಮೇಲೇ ಇತ್ತು. ಆಮೇಲೆ ಕೊಳವೆ ಇಳಿಸಿ ಕಫ ಎಳೆದಳು. ಅವನು ಕೆಮ್ಮಿದ, ಬದುಕಿದ.

ಶನಿವಾರ ಸಂಜೆ ಕಚೇರಿಯ ಬಾಗಿಲು ಹಾಕುವ ಸದ್ದು ವಾರ್ಡಿಗೆ ಕೇಳಿಸಿತು. ದರ್ಜಿ ಅವಳನ್ನು ಹತ್ತಿರ ಕರೆದ.

"ಮೂರು ಉಸಿರು ಕಾದೆ. ನಾನೂ ಎಣಿಸ್ತಿದ್ದೆ."

ಅವಳು ಅವನ ಹೊದಿಕೆ ಸರಿಮಾಡಿದಳು.

"ಕಾಯೋಳು ಪೂರ್ತಿ ಕಾಯಬೇಕಿತ್ತು, ಇಲ್ಲ ಕಾಯಲೇಬಾರದಿತ್ತು. ಅಳತೆ ಕೆಟ್ಟಿತು ತಾಯಿ. ಈಗ ನಿನಗೆ ಸಹಿಯೂ ಇಲ್ಲ, ನನ್ನ ಹತ್ರ ಒಳ್ಳೆ ಮಾತೂ ಇಲ್ಲ."

ಸೋಮವಾರ ಬೆಳಿಗ್ಗೆ ಅವಳು ಒಗೆದ ಸಮವಸ್ತ್ರವನ್ನು ಗಂಟು ಕಟ್ಟಿ, ಶಾಲೆಗೆ ವಾಪಸು ಕೊಟ್ಟು ಹಾಗೇ ಅಂಗಡಿಗೆ ಹೋಗುವುದೆಂದು ಹೊರಟಳು. ದಾರಿಯಲ್ಲಿ ವಾರ್ಡಿನ ಬಾಗಿಲಲ್ಲಿ ಹೊಸ ತಂಡದ ಹುಡುಗಿಯೊಬ್ಬಳು ಅಳುತ್ತಿದ್ದಳು. ಚೀಟಿ ಎತ್ತುವ ತನಕ ಏಳನೇ ಹಾಸಿಗೆಯನ್ನು ಸಿಸ್ಟರ್ ಅವಳಿಗೆ ವಹಿಸಿದ್ದರು. ದರ್ಜಿ ಆಗತಾನೇ ತೀರಿಕೊಂಡಿದ್ದ.

"ದೊಡ್ಡಕ್ಕ, ಮುಟ್ಟೋಕೆ ಭಯ ಆಗುತ್ತೆ. ಒಂಚೂರು ಬನ್ನಿ."

ದೊಡ್ಡಕ್ಕ ಗಂಟನ್ನು ಕಿಟಕಿಯ ಮೇಲಿಟ್ಟು ರವಿಕೆಯ ತೋಳು ಮಡಚಿದಳು. ಮುದುಕನ ಕಣ್ಣು ಮುಚ್ಚಿದಳು. ಗಲ್ಲಕ್ಕೆ ಪಟ್ಟಿ ಕಟ್ಟಿ ಬಾಯಿ ಕೂಡಿಸಿದಳು, ಇನ್ನು ಅದು ಯಾರ ಅಳತೆಯನ್ನೂ ಹೇಳುವಂತಿರಲಿಲ್ಲ. ಬೆನ್ನು ಒರೆಸಲು ಮಗ್ಗುಲಾಗಿಸಿದಾಗ ಅವಳ ಕೈ ನಿಂತಿತು. ತಿಂಗಳಿಗೂ ಮೀರಿ ಹಾಸಿಗೆ ಹಿಡಿದವನ ಬೆನ್ನು, ಒಂದು ಹುಣ್ಣಿಲ್ಲ, ಒಂದು ಕೆಂಪು ಕಲೆಯಿಲ್ಲ, ಹಸುಗೂಸಿನ ಬೆನ್ನಿನಂತೆ ನುಣ್ಣಗಿತ್ತು. ವಾರ್ಡಿನ ಬೇರೆ ಹಾಸಿಗೆಗಳಲ್ಲಿ ಅಂಥ ಬೆನ್ನು ಒಂದೂ ಇರಲಿಲ್ಲ. ಅದಕ್ಕೆ ಯಾರೂ ಸಹಿ ಹಾಕಿರಲಿಲ್ಲ.

ಸಿಸ್ಟರ್ ಹಾಸಿಗೆಯ ಕಾಲ ಬಳಿ ನಿಂತು ಎಲ್ಲವನ್ನೂ ನೋಡಿದರು. "ಕೈ ಚೆನ್ನಾಗಿದೆ," ಎಂದರು. ಆಮೇಲೆ ಅಳುತ್ತಿದ್ದ ಹುಡುಗಿಯ ಪುಸ್ತಕ ಇಸಿದುಕೊಂಡು ಸಹಿ ಹಾಕಿದರು.

"ಮಾಡಿದ್ದು ನಾನಲ್ವಾ ಸಿಸ್ಟರ್?" ಎಂದಳು ದೊಡ್ಡಕ್ಕ.

"ನಿನ್ನ ತಾರೀಕು ಶನಿವಾರಕ್ಕೆ ಮುಗೀತಮ್ಮ. ಮುದುಕನಿಗೆ ಹೇಳ್ಬೇಕಿತ್ತು."

ಅವಳು ಗಂಟು ಎತ್ತಿಕೊಂಡು ಶಾಲೆಯ ಕಚೇರಿಗೆ ಹೋದಳು. ಗುಮಾಸ್ತ ಕೈ ಚಾಚಿದ. ಅವಳು ಗಂಟು ಕೊಡಲಿಲ್ಲ.

"ಮುಂದಿನ ತಂಡಕ್ಕೆ ಬರ್ಕೊಳ್ಳಿ."

"ಆರು ತಿಂಗಳು ಕೂತು ಪಾಸಾಗಿ ಏನಮ್ಮ ಮಾಡ್ತೀಯ? ಎಲ್ಲೂ ಕೆಲಸ ಇಲ್ಲ."

"ಗೊತ್ತು. ಬರ್ಕೊಳ್ಳಿ."

ಅತ್ತಿಗೆ ಆಡಿದ ಮಾತಿಗೆ ತಪ್ಪುವವಳಲ್ಲ. ಸಂಜೆ ಚಾಪೆ ಹೊರಗಿನ ಜಗಲಿಯಲ್ಲಿ ಸುರುಳಿ ಸುತ್ತಿ ನಿಂತಿತ್ತು. ದೊಡ್ಡಕ್ಕ ಜಗಲಿಯಲ್ಲೇ ಅದನ್ನು ಬಿಚ್ಚಿ ಹಾಸಿಕೊಂಡಳು. ಅಣ್ಣ ಕಿಟಕಿಯಿಂದ ನೋಡಿ ಕಿಟಕಿ ಮುಚ್ಚಿಕೊಂಡ.

ಮರುದಿನ ಹೊಸ ತಂಡದವರು ಚೀಟಿ ಎತ್ತಲು ಕುಳಿತರು. ದೊಡ್ಡಕ್ಕನೂ ಕೈ ಚಾಚಿದಾಗ ಒಬ್ಬಳು ಡಬ್ಬಿ ಹಿಂದಕ್ಕೆ ಎಳೆದುಕೊಂಡಳು.

"ಇವ್ರಿಗೆ ಕೊನೇಲಿ ಕೊಡ್ರೇ. ಇವ್ರ ಕೈಗೆ ಸಿಕ್ಕಿದವ್ರು ಬೇಗ ಸಾಯೋದೇ ಇಲ್ಲ."

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಮೂರು ಉಸಿರಿನ ಸಂಗತಿ ಗೊತ್ತಿದ್ದವನು ದರ್ಜಿಯೊಬ್ಬನೇ, ನಗಲು ಅವನು ಉಳಿದಿರಲಿಲ್ಲ. ಗೋಡೆ ಗಡಿಯಾರದಲ್ಲಿ ಹತ್ತು ಗಂಟೆಯಾಗಿತ್ತು. ದೊಡ್ಡಕ್ಕ ಎದ್ದು, ಏಳನೇ ಹಾಸಿಗೆಗೆ ಹೊಸದಾಗಿ ಬಂದಿದ್ದ ಮುದುಕಿಯನ್ನು ಎಡಮಗ್ಗುಲಿಗೆ ತಿರುಗಿಸಿದಳು.