ಒಂದೇ ಸದ್ದಿಗೆ ಬೀಳುವುದು

ವಾಶ್‌ಬೇಸಿನ್ ಮಾರುವ ಅಂಗಡಿಯಲ್ಲಿ ಕಡ್ಡಿಗೆ ಕೆಲಸ. ಆ ಅಡ್ಡಹೆಸರು ಅವನೇ ಇಟ್ಟುಕೊಂಡದ್ದು, ಬೇರೆಯವರು ಇನ್ನೂ ಕೆಟ್ಟದ್ದು ಹುಡುಕುವ ಮೊದಲೇ. ಹೋದ ವರ್ಷ ಬೇಸಿನ್ ಪೆಟ್ಟಿಗೆ ಹೊತ್ತು ಒದ್ದೆ ಮೆಟ್ಟಿಲಲ್ಲಿ ಜಾರಿದವನು ಕೈ ಊರಿ ಮಣಿಕಟ್ಟು ಮುರಿದುಕೊಂಡಿದ್ದ. ಸಾಹುಕಾರರು ಮೊದಲು ಬೇಸಿನ್ ಎತ್ತಿ ನೋಡಿ, ಆಮೇಲೆ ಇವನನ್ನು ಎತ್ತಿದ್ದರು. ಪ್ಲಾಸ್ಟರ್ ಬಿಚ್ಚಿಸಿದವನೇ ಜೂಡೊ ತರಗತಿಗೆ ಸೇರಿದ. ಇನ್ನು ಬಿದ್ದರೂ ಮುರಿಯಬಾರದು ಎಂಬ ಹಟ.

ಅಲ್ಲಿ ಮೊದಲ ಪಾಠವೇ ಬೀಳುವುದು. ಗದ್ದ ಎದೆಗೊತ್ತಿ, ಬೆನ್ನು ನೆಲ ಮುಟ್ಟುವ ಗಳಿಗೆಯಲ್ಲೇ ಇಡೀ ತೋಳಿನಿಂದ ನೆಲ ಬಡಿಯಬೇಕು. ಕಡ್ಡಿ ಪ್ರತಿಸಲವೂ ಅಂಗೈ ಊರುತ್ತಿದ್ದ. ಜೊತೆಗೆ ಸೇರಿದವರೆಲ್ಲ ಎತ್ತಿ ಎಸೆಯುವ ಪಾಠಕ್ಕೆ ದಾಟಿದರು. ಇವನು ಹಾಲುಹಲ್ಲಿನ ಮಕ್ಕಳ ಸಾಲಿನಲ್ಲೇ ಉಳಿದ.

"ಬೀಳೋವಾಗ ಲೆಕ್ಕ ಹಾಕ್ತೀಯಪ್ಪ ನೀನು," ಎಂದರು ಮೇಷ್ಟ್ರು. "ಅಷ್ಟೊತ್ತು ನೆಲ ಕಾಯಲ್ಲ. ಭಾನುವಾರ ಪರೀಕ್ಷೆ. ಆಗಲೂ ಕೈ ಊರಿದ್ರೆ ಈ ಆಟ ನಿನಗೆ ಬೇಡ. ಇನ್ನೊಂದ್ಸಲ ಮುರ್ಕೊಳ್ಳೋಕೆ ನಾನು ಬಿಡಲ್ಲ."

ಕಡ್ಡಿ ಮನೆಯಲ್ಲಿ ಕನ್ನಡಿ ಮುಂದೆ ಹಾಸಿಗೆ ಹಾಸಿ ಬೀಳತೊಡಗಿದ. ಕೆಳಮನೆಯ ಆಂಟಿ ಪೊರಕೆ ಕೋಲಿನಿಂದ ಚಾವಣಿ ಕುಟ್ಟಿದರು, ಸಾಲದೆಂದು ಮೇಲೆಯೇ ಬಂದರು.

"ಏನೋ ಅದು, ಮೂಟೆ ಇಳಿಸ್ತಿದ್ದೀಯಾ?"

"ಬೀಳೋದು ಕಲೀತಿದ್ದೀನಿ ಆಂಟಿ."

"ಅದನ್ನೂ ಕಲೀಬೇಕಾ? ನಮ್ಮೆಜಮಾನ್ರು ಕಲೀದೇನೇ ಬೀಳ್ತಾರೆ." ಹೊರಟವರು ಬಾಗಿಲಲ್ಲಿ ನಿಂತರು. "ನಿಂದು ಎರಡು ಸದ್ದು ಕಣೋ. ಮೊದಲು ಟಪ್, ಆಮೇಲೆ ದೊಪ್."

ಟಪ್ ಎಂದರೆ ಅಂಗೈ, ದೊಪ್ ಎಂದರೆ ಬೆನ್ನು. ಕನ್ನಡಿಯಲ್ಲಿ ಕಾಣದ್ದು ಕೆಳಮನೆಗೆ ಕೇಳಿಸಿತ್ತು!

"ಆಂಟಿ, ಒಂದೇ ಸದ್ದು ಬಂದಾಗ ಮಾತ್ರ ಕುಟ್ತೀರಾ?"

"ಬೈಯೋಕೆ ಬಂದವಳಿಗೇ ಕೆಲಸ ಹಚ್ತೀಯಲ್ಲೋ!" ಎಂದರೂ ಒಪ್ಪಿದರು.

ಕೆಳಗಿನಿಂದ ಸದ್ದೇ ಇಲ್ಲ. ಭುಜ ಕೆಂಪಾಯಿತು, ಅಂಗಡಿಯಲ್ಲಿ ಪೆಟ್ಟಿಗೆ ಎತ್ತುವಾಗ ಮುಖ ಕಿವುಚಿತು, ಆದರೂ ಬಿಡಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಬೀಗದಕೈ ಎಲ್ಲಿಟ್ಟೆ ಎಂದು ತಲೆ ಕೆಡಿಸಿಕೊಂಡೇ ಬಿದ್ದ. ಕೆಳಗಿನಿಂದ ಕುಟ್! ಹಿಗ್ಗಿ, ಮೈಯೆಲ್ಲ ಗಮನವಾಗಿ ಮತ್ತೆ ಬಿದ್ದ. ಕೆಳಗೆ ಮೌನ. ಆಮೇಲೆ ಬೀಗದಕೈಯನ್ನೇ ನೆನೆಯುತ್ತ ಬಿದ್ದ, ಬಿದ್ದ, ಬಿದ್ದ. ಶನಿವಾರದ ಹೊತ್ತಿಗೆ ಆಂಟಿಗೆ ಕುಟ್ಟಿ ಕುಟ್ಟಿ ಕೈ ಸೋತಿತ್ತು.

ಭಾನುವಾರ ಚಾಪೆಯ ಅಂಚಿನಲ್ಲಿ ಸೊಂಟದ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ಹಾದುಹೋದ ಮೇಷ್ಟ್ರು ಕಾಲಿನಿಂದ ಅವನ ಕಾಲು ಸೆಳೆದುಬಿಟ್ಟರು. ಪಟ್! ಒಂದೇ ಸದ್ದು.

ಮಲಗಿದ್ದಲ್ಲಿಂದಲೇ ಕಡ್ಡಿ ಕೇಳಿದ, "ಪರೀಕ್ಷೆ ಯಾವಾಗ ಶುರು ಸಾರ್?"

"ಮುಗೀತು. ಏಳು, ಎಸೆಯೋರ ಸಾಲಿಗೆ ಹೋಗು."

ಸಂಜೆ ಸುದ್ದಿ ಕೇಳಿ ಆಂಟಿ ಪೊರಕೆಯನ್ನು ಮೂಲೆಗಿಟ್ಟರು. "ಸದ್ಯ, ಇನ್ನು ಬೀಳೋದಿಲ್ಲ ತಾನೆ?"

"ಇನ್ನು ಎತ್ತಿ ಎಸೆಯೋದು ಕಲೀಬೇಕು ಆಂಟಿ. ಮನೇಲಿ ಅಭ್ಯಾಸಕ್ಕೆ ಒಬ್ರು ಸಿಕ್ಕಿದ್ರೆ..."

ಆಂಟಿ ಒಳಕೋಣೆಯ ಕಡೆ ತಿರುಗಿದರು. "ರೀ, ಸ್ವಲ್ಪ ಬನ್ನಿ ಇಲ್ಲಿ!"