ಬಿಸಿಲಲ್ಲಿ ಬಂದ ನೆರೆ

ದೆಹಲಿಯ ಮಯೂರ್ ವಿಹಾರ್‌ಗೆ ಮೆಟ್ರೋ ಬರುವ ಮೊದಲಿನ ವರ್ಷಗಳವು. ನಮ್ಮ ಸೊಸೈಟಿಯಲ್ಲಿ ನನಗೊಂದು ಗತ್ತಿತ್ತು. ಹವಾಮಾನ ಕಚೇರಿಯಲ್ಲಿ ದೆಹಲಿಯ ಮುನ್ಸೂಚನೆ ಬರೆಯುವವನು ನಾನು. ನಾನು ಕೊಡೆ ಹಿಡಿದು ಹೊರಟರೆ ಅಕ್ಕಪಕ್ಕದವರು ತಾರಸಿಯ ಬಟ್ಟೆ ಒಳಗೆ ತರುತ್ತಿದ್ದರು. ಮಳೆ ಬಾರದಿದ್ದರೆ ಸಂಜೆ ಅವರೇ ನನ್ನ ಕಾಲೆಳೆಯುತ್ತಿದ್ದರು. ಈಗ ನೆನೆದರೆ ಆ ಗೇಲಿಯೂ ಹಿತವಾಗಿದೆ.

ಮನೆಯೊಳಗೆ ಮಾತ್ರ ಆ ಗತ್ತು ನಡೆಯುತ್ತಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇತ್ತು. ನನ್ನ ಹೆಂಡತಿ ಅದರಲ್ಲಿ ಮಳೆನಕ್ಷತ್ರ ನೋಡಿಯೇ ಹಪ್ಪಳ ಒಣಗಿಸುವವಳು. ಸೆಪ್ಟೆಂಬರ್ ಕೊನೆಗೆ ನಾನು "ಮುಂಗಾರು ಹೋಯ್ತು ಕಣೇ" ಎಂದರೆ, "ಹಸ್ತಾ ಮಳೆಗೂ ನಿಮ್ಮ ಆಫೀಸಿನವರು ರಿಲೀವಿಂಗ್ ಆರ್ಡರ್ ಕೊಟ್ಟುಬಿಟ್ರಾ?" ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ನನ್ನ ಮಾತನ್ನು ವೇದವಾಕ್ಯವೆಂದು ನಂಬಿದ್ದವನು ತರಕಾರಿ ಭಯ್ಯಾ ಒಬ್ಬನೇ. ಬದಾಯೂಂ ಎಂಬ ಊರಿನ ಕಡೆಯವನು, ವಯಸ್ಸಿನಲ್ಲಿ ನನಗಿಂತ ಹಿರಿಯ. ಯಮುನೆಯ ದಡದುದ್ದಕ್ಕೂ ಕಟ್ಟಿದ ಒಡ್ಡಿನಾಚೆ, ನದಿಯ ಮಗ್ಗುಲಿನ ಮರಳುನೆಲದಲ್ಲಿ ತರಕಾರಿ ಬೆಳೆದು ನಮ್ಮ ಗೇಟಿಗೆ ತರುತ್ತಿದ್ದ. ಮಳೆಗಾಲವಿಡೀ ಹೆಂಡತಿ, ಸೊಸೆ, ಮೊಮ್ಮಗಳು ಮತ್ತು ಒಂದು ಎಮ್ಮೆಯ ಸಮೇತ ಒಡ್ಡಿನ ಮೇಲೆ ಟಾರ್ಪಾಲಿನಡಿ ಇರುತ್ತಿದ್ದ. ಮಳೆ ಮುಗಿಯಿತೆಂದು ನಾನು ಹೇಳಿದ ಮೇಲೆಯೇ ಸಂಸಾರವನ್ನು ಕೆಳಗಿನ ಗುಡಿಸಲಿಗೆ ಇಳಿಸಿ ಹೂಕೋಸಿನ ಸಸಿ ನೆಡುತ್ತಿದ್ದ.

ಒಂದು ವರ್ಷ ಸೆಪ್ಟೆಂಬರ್ ಕೊನೆಯ ಬುಧವಾರ ಬೆಳಿಗ್ಗೆ ಅವನು ಎಂದಿನಂತೆ ಕೇಳಿದ: "ಸಾಹಬ್, ಇಳಿಯೋಣವೇ?"

"ಇಳೀರಿ ಭಯ್ಯಾ. ದೆಹಲಿಯಲ್ಲಿ ಇನ್ನು ಒಂದು ಹನಿಯೂ ಬೀಳಲ್ಲ," ಎಂದೆ. ಹಾಗೆನ್ನುವಾಗ ನನ್ನ ದನಿಯಲ್ಲಿದ್ದ ಜಂಬ ಇನ್ನೂ ನನ್ನ ಕಿವಿಯಲ್ಲಿದೆ.

ನಮ್ಮ ಕಚೇರಿಯಲ್ಲಿ ಒಂದೊಂದು ಮೇಜಿಗೆ ಒಂದೊಂದು ಸೀಮೆ. ನಕ್ಷೆಯ ಮೇಲೆ ನನ್ನ ಪೆನ್ಸಿಲ್ಲು ದೆಹಲಿಯ ಸುತ್ತಲೇ ತಿರುಗುತ್ತಿತ್ತು. ಯಮುನೆ ಇಳಿದು ಬರುವ ಬೆಟ್ಟದ ಸೀಮೆ ಪಕ್ಕದ ಮೇಜಿನವರದು. ಪಶ್ಚಿಮದಿಂದ ಬಂದ ಗಾಳಿಮಳೆಗೆ ಬಂಗಾಳ ಕೊಲ್ಲಿಯ ತೇವ ಸೇರಿ, ಬೆಟ್ಟಗಳಲ್ಲಿ ಭಾರಿ ಮಳೆ, ಹಠಾತ್ ಪ್ರವಾಹದ ಸಂಭವವಿದೆ ಎಂದು ಅವರು ಬರೆದಿದ್ದರು. ನಾನು ಅದನ್ನು ಓದಿಯೂ ಇದ್ದೆ. ಓದಿ, ನನ್ನ ಮೇಜಿನದಲ್ಲವೆಂದು ಕೆಳಗಿಟ್ಟಿದ್ದೆ.

ಶುಕ್ರವಾರ ಚಹಾ ಕುಡಿಯುವಾಗ ಆ ಮೇಜಿನ ಗೆಳೆಯ, "ಮೇಲೆ ಸುರಿದಿದ್ದೇ ಸುರಿದಿದ್ದು. ಹರಿಯಾಣದಲ್ಲಿ ಯಮುನೆಯ ಬ್ಯಾರೇಜಿನ ಗೇಟು ತೆರೆದಿದ್ದಾರಂತೆ. ಭಾನುವಾರದ ಹೊತ್ತಿಗೆ ನೀರು ಇಲ್ಲಿಗೆ ಬರುತ್ತೆ," ಎಂದ. ಅರ್ಧ ದಿನದ ರಜೆ ಬರೆದಿಟ್ಟು ಭಯ್ಯಾನ ಗುಡಿಸಲ ಕಡೆಗೆ ಬಸ್ಸು ಹತ್ತಿದೆ.

ಭಯ್ಯಾ ಸಾಲುಸಾಲಾಗಿ ಸಸಿ ನೆಟ್ಟು ಮುಗಿಸಿದ್ದ. ಗುಡಿಸಲ ಮುಂದೆ ಮೊಮ್ಮಗಳು ಮರಳಲ್ಲಿ ಆಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ತಲೆಯೆತ್ತಿ ನೋಡಿದ. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ.

"ಒಂದು ಹನಿಯೂ ಬೀಳಲ್ಲ ಅಂತ ನೀವೇ ಹೇಳಿದಿರಲ್ಲ ಸಾಹಬ್?"

ನನ್ನ ಮಾತೇ ನನಗೆ ಅಡ್ಡ ನಿಂತಿತ್ತು. ಗಾಳಿ, ತೇವ, ಬ್ಯಾರೇಜು ಎಂದು ಎಷ್ಟು ವಿವರಿಸಿದರೂ ಅವನು ಅಲ್ಲಾಡಲಿಲ್ಲ. ಬುಧವಾರ ನಂಬಿದವನು ಶುಕ್ರವಾರ ನಂಬಲೊಲ್ಲ. ಕೊನೆಗೆ ನಾಚಿಕೆ ಬಿಟ್ಟು ಹೇಳಿದೆ: "ನಾನು ತಪ್ಪು ಹೇಳಿದೆ, ಭಯ್ಯಾ. ನಾನು ನೋಡಿದ್ದು ದೆಹಲಿಯ ಆಕಾಶ ಮಾತ್ರ. ನಿಮ್ಮ ನದಿಯನ್ನು ನೋಡಲೇ ಇಲ್ಲ."

ಅವನ ಹೆಂಡತಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದಳು. ನಾನೂ ಒಂದು ಗಂಟು ಹೊತ್ತೆ. ಸಂಜೆಯೊಳಗೆ ಎಮ್ಮೆಯೂ ಒಡ್ಡು ಹತ್ತಿತು. ಸಸಿಗಳನ್ನು ಹೊತ್ತು ತರುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದಾಗ ಎಳೆಬಿಸಿಲು ಬಿದ್ದಿತ್ತು. ಸದ್ದಿಲ್ಲದೆ ಬಂದ ಕಂದು ನೀರು ಸಾಲುಗಳನ್ನು ನುಂಗಿ, ಗುಡಿಸಲಿನ ಸೂರಿನವರೆಗೆ ಏರಿತ್ತು. ಭಯ್ಯಾ ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಮೊಮ್ಮಗಳು ಅವನ ಬೆನ್ನಿಗೆ ಜೋತುಬಿದ್ದಿದ್ದಳು. ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

ಅವನು ಸ್ವಲ್ಪ ಸರಿದು ಜಾಗ ಕೊಟ್ಟ. ನೀರಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದ: "ಯಾವಾಗ ಇಳಿಯುತ್ತೆ, ಸಾಹಬ್?"

ಇಷ್ಟಾದ ಮೇಲೂ ಅವನು ಕೇಳಿದ್ದು ನನ್ನನ್ನೇ. "ನನಗೆ ಗೊತ್ತಿಲ್ಲ, ಭಯ್ಯಾ. ಬೆಟ್ಟದ ಮೇಜಿನವರನ್ನು ಕೇಳಿಕೊಂಡು ಬಂದು ಹೇಳ್ತೀನಿ," ಎಂದೆ. ಅಷ್ಟು ವರ್ಷಗಳ ನೌಕರಿಯಲ್ಲಿ ಗೊತ್ತಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.