‘ಬರ್ರಿ’ ಅನ್ನುವ ಡಿಸ್ಕು

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಆಳಂದದ ಪ್ರೆಸ್ಸೊಂದರ ಹಿಂದಿನ ಕೋಣೆಯಲ್ಲಿ, ನಾವೆಲ್ಲ ಬಾಯಾರು ಎನ್ನುತ್ತಿದ್ದ ಹಿರಿಯ ಟೀಚರಮ್ಮ ಕನ್ನಡಕ ಮೇಲೇರಿಸಿಕೊಂಡು ಪರದೆಗೆ ಮುಖ ಹಚ್ಚಿ ಕೇಳಿದರು: “ತಮ್ಮಾ, ನನ್ನ ಘತ್ತರಗಿ ಹಾಡಿನ್ಯಾಗ ಯಾರದೋ ಲಗ್ನ ಬಂದು ಕುಂತದಲ್ಲೋ?”

ನಾನು ನಕ್ಕೆ. ಪಕ್ಕದಲ್ಲಿ ನಿಂತಿದ್ದ ಗೆಳೆಯ ನಗಲಿಲ್ಲ. ಆ ಕಂಪ್ಯೂಟರು ನಡೆಸುತ್ತಿದ್ದ ಪ್ರೋಗ್ರಾಂ ಅವನದು. ಪರದೆಯ ಮೇಲೆ ಘತ್ತರಗಿಯ ಭಾಗ್ಯವಂತಿಯ ಗುಡಿಗೆ ಹೊರಟ ಹೆಣ್ಣುಮಕ್ಕಳು ಎರಡು ಸಾಲು ಹಾಡಿದ್ದರು. ಮೂರನೆಯ ಸಾಲಿನಲ್ಲಿ ಮಂಗಲ ಕಾರ್ಯಾಲಯದ ವಿಳಾಸವಿತ್ತು. ನಾಲ್ಕನೆಯದರಲ್ಲಿ, ಆಶೀರ್ವಾದವೇ ಉಡುಗೊರೆ ಎಂದಿತ್ತು.

ಬಾಯಾರು ಅಫಜಲಪುರದ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತರಾದವರು. ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಭೀಮಾ ದಂಡೆಯ ಹಳ್ಳಿಗಳನ್ನು ತಿರುಗಿ ಮುದುಕಿಯರ ಹಾಡು ಹಿಡಿದು ತಂದಿದ್ದರು. ಅವನ್ನು ಈ ಪ್ರೆಸ್ಸಿನಲ್ಲಿ ಕೂತು ಟೈಪು ಮಾಡುತ್ತಿದ್ದರು. ಟೈಪಾದ ಕ್ಯಾಸೆಟ್ಟುಗಳ ಮೇಲೆ ಮೊಮ್ಮಕ್ಕಳು ಸಿನಿಮಾ ಹಾಡು ತುಂಬಿಕೊಂಡಿದ್ದರು. ಹಾಡಿದವರಲ್ಲಿ ಬಹಳ ಮಂದಿ ತೀರಿಹೋಗಿದ್ದರು. ಅಂದರೆ ಆ ಹಾಡುಗಳು ಭೂಮಿಯ ಮೇಲೆ ಉಳಿದಿದ್ದುದು ಪ್ರೆಸ್ಸಿನ ಒಂದು ಡಿಸ್ಕಿನಲ್ಲಿ ಮಾತ್ರ.

ಆ ಡಿಸ್ಕು ನಿಜವಾದ ಡಿಸ್ಕೂ ಅಲ್ಲ. ತೊಂಬತ್ತರ ದಶಕದ ಕೊನೆ ಅದು. ಪ್ರೆಸ್ಸಿನ ಕನ್ನಡ ಅಕ್ಷರಗಳೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿದ್ದವು, ಅದು ಸತ್ತಿತು. ಹೊಸದು ಆ ಅಕ್ಷರಗಳನ್ನು ಗುರುತಿಸಲಿಲ್ಲ. ಕರಜಗಿಯ ನನ್ನ ಗೆಳೆಯ, ಇಂಜಿನಿಯರಿಂಗ್ ಓದಿದವನು, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದರ ಸೋಗು ಹಾಕುವ ಪ್ರೋಗ್ರಾಂ ಬರೆದ. ಸೋಗಿನ ಯಂತ್ರಕ್ಕೆ ಸೋಗಿನ ಡಿಸ್ಕು: ಮೂಲೆಯ ಮೂರನೆಯ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಫೈಲು, ಅಲ್ಲಿಂದ ಕೇಬಲ್ ಎಳೆದು ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ಕೊಟ್ಟಿದ್ದೆವು. ಜೇವರ್ಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಕೆಲಸ ಪ್ರೋಗ್ರಾಮಿನ ಆಯ್ಕೆಗಳಿಗೆ ಪರದೆಯ ಮೇಲೆ ಕಾಣುವ ಕನ್ನಡ ಬರೆಯುವುದು.

ಆಯ್ಕೆಗಳು ಮೂರೇ. ಟೈಪಾದದ್ದನ್ನು ಡಿಸ್ಕಿಗೆ ಕೂಡಲೇ ಬರೆಯಬೇಕೋ, ಸ್ವಲ್ಪ ತಡೆದೋ? ಕೇಬಲ್ ಕಡಿದರೆ ಕಾಯಬೇಕೋ, ಕೈಬಿಡಬೇಕೋ? ಒಬ್ಬರು ಡಿಸ್ಕು ತೆರೆದಿದ್ದಾಗ ಇನ್ನೊಬ್ಬರು ಬಂದರೆ ಬಿಡಬೇಕೋ, ಬೇಡವೋ? ಮೊದಲೆರಡು ಸುಲಭವಾಗಿ ಆದವು. ಮೂರನೆಯದಕ್ಕೆ ನಾನು ‘ಪ್ರವೇಶ ನಿರಾಕರಿಸಲಾಗಿದೆ’ ಎಂದು ಬರೆದುಕೊಟ್ಟಾಗ ಗೆಳೆಯ ಉರಿದುಬಿದ್ದ.

“ಇದೇನು ತಹಶೀಲ್ ಕಚೇರಿ ಏನಲೇ? ಮನಿಗಿ ಬಂದವರಿಗಿ ಹೊರಗ ನಿಂದರ್ರಿ ಅಂತಾರೇನು?”

ಅವರ ಮನೆ ಹಾಗೇ ಇತ್ತು. ಉಣ್ಣುವ ಹೊತ್ತಿಗೆ ಯಾರೇ ಹೊಸ್ತಿಲು ತುಳಿದರೂ, ಯಾರು ಏನು ಎಂದು ಕೇಳುವ ಮೊದಲು ತಾಟು ಬರುತ್ತಿತ್ತು. ನಾನು ‘ದಯವಿಟ್ಟು ಕಾಯಿರಿ’ ಎಂದೆ, ‘ನಂತರ ಬನ್ನಿ’ ಎಂದೆ. ಯಾವುದೂ ಅವನ ಬಾಯಿಗೆ ಹತ್ತಲಿಲ್ಲ. ಕಡೆಗೆ ಆ ಆಯ್ಕೆಯನ್ನೇ ತೆಗೆದುಹಾಕಿ, ಯಾರು ತಟ್ಟಿದರೂ ‘ಬರ್ರಿ’ ಎಂದು ಬಾಗಿಲು ತೆರೆಯುವಂತೆ ಮಾಡಿದ.

ಅವತ್ತು ಹಿಂದಿನ ಕೋಣೆಯಲ್ಲಿ ಬಾಯಾರು ಬರೆಯುತ್ತಿದ್ದರು, ಮುಂದಿನ ಕೋಣೆಯಲ್ಲಿ ಪ್ರೆಸ್ಸಿನ ಸಾವ್ಕಾರರು ಲಗ್ನಪತ್ರಿಕೆ ಜೋಡಿಸುತ್ತಿದ್ದರು. ಎರಡು ಸೋಗಿನ ಯಂತ್ರಗಳೂ ಡಿಸ್ಕು ತನ್ನೊಬ್ಬನದೇ ಎಂದುಕೊಂಡಿದ್ದವು. ಬಾಯಾರು ತುಂಬಿದ ಜಾಗ ಸಾವ್ಕಾರರ ಯಂತ್ರಕ್ಕೆ ಖಾಲಿ ಕಂಡಿತ್ತು, ಅಲ್ಲಿ ಲಗ್ನ ಬರೆದಿತ್ತು. ಯಾವುದು ಎಲ್ಲಿದೆ ಎನ್ನುವ ಡಿಸ್ಕಿನ ನಕ್ಷೆಯೇ ಕಲಸಿಹೋಗಿತ್ತು. ಸರಿಯಾದ ನಕ್ಷೆ ಉಳಿದಿದ್ದುದು ಬಾಯಾರ ಯಂತ್ರದ ನೆನಪಿನಲ್ಲಿ. ಯಂತ್ರ ಆರಿದರೆ ಆ ನೆನಪೂ ಆರುತ್ತದೆ. ಐದಕ್ಕೆ ಕರೆಂಟು ಹೋಗುವುದು ಆಳಂದದಲ್ಲಿ ಎಲ್ಲರಿಗೂ ಗೊತ್ತಿತ್ತು.

ಸಾಲಿಗೊಮ್ಮೆ ಸೇವ್ ಮಾಡಿರೆಂದು ಬಾಯಾರಿಗೆ ಕಲಿಸಿದವನು ಗೆಳೆಯನೇ. ಈಗ ಸೇವ್ ಒತ್ತಿದರೆ ಉಳಿದ ಹಾಡುಗಳೂ ಕಲಸಿಹೋಗುತ್ತಿದ್ದವು. ಅವರ ಬೆರಳು ಆಗಲೇ ಕೀಲಿಯ ಮೇಲಿತ್ತು.

“ಬಾಯಾರ, ಕೈ ಮ್ಯಾಲ ಮಾಡ್ರಿ!” ಗೆಳೆಯ ಚೀರಿದ.

ಅವರು ಎರಡೂ ಕೈ ಎತ್ತಿದರು. “ಬಂದೂಕು ಎಲ್ಲದಲೇ?”

ನಾನು ಮುಂದಿನ ಕೋಣೆಗೆ ಓಡಿದೆ. “ಸಾವ್ಕಾರ್, ನಿಲ್ಲಸ್ರಿ, ನಿಲ್ಲಸ್ರಿ!”

“ಬರ್ರಿ ಬರ್ರಿ, ಚಹಾ ಕುಡೀರಿ.”

“ಚಹಾ ಬ್ಯಾಡ್ರಿ, ಕೈ ತಗೀರಿ.”

“ಅದ್ಹ್ಯಾಂಗ? ಚಹಾ ಬ್ಯಾಡ ಅಂದ್ರ ನಾ ಕೈ ತಗಿಯಂಗಿಲ್ಲ.”

ನಾನು ಅವರ ಯಂತ್ರದ ಕೇಬಲನ್ನೇ ಕಿತ್ತೆ. ಹತ್ತಿರದ ನೆಂಟರ ಲಗ್ನವಂತೆ, ಬಹಳ ನೊಂದುಕೊಂಡರು. ಆದರೂ ವಿಷಯ ತಿಳಿದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಫ್ಲಾಪಿಗಳನ್ನು ತಂದುಕೊಟ್ಟವರು ಅವರೇ. “ಇದ್ರಾಗೊಂದು ಲಗ್ನ ಅದ, ಆದ್ರ ಅದು ಮುರದದ. ಅಳಸ್ರಿ.”

ಗೆಳೆಯ ಬಾಯಾರ ಯಂತ್ರದಿಂದ ಹಾಡುಗಳ ಒಂದೊಂದೇ ಅಧ್ಯಾಯವನ್ನು ಫ್ಲಾಪಿಗೆ ಇಳಿಸತೊಡಗಿದ. ಡ್ರೈವು ಗಿರಗಿರ ಅನ್ನುವುದು, ನಡುವೆ ಸುಮ್ಮನಾಗುವುದು. ಬಾಯಾರು ಕೈ ಇಳಿಸಿರಲಿಲ್ಲ. ಇಳಿಸಬಹುದು ಎಂದು ಹೇಳುವುದು ನಮಗೂ ಮರೆತಿತ್ತು. ಐದಕ್ಕೆ ಫ್ಯಾನು ನಿಂತಿತು. ಮೂಲೆಯ ಯುಪಿಎಸ್ ಕೀಂಯ್ ಕೀಂಯ್ ಎಂದು ಅಳತೊಡಗಿತು. ಅದರ ಬ್ಯಾಟರಿ ಹಳೆಯದು, ಎಷ್ಟು ಹೊತ್ತು ಜೀವ ಹಿಡಿದೀತೋ ಯಾರಿಗೂ ತಿಳಿಯದು. ಕಡೆಯ ಫ್ಲಾಪಿ ಹೊರಬಂತು, ನಾನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ, ಪರದೆ ಕಪ್ಪಾಯಿತು.

ಹೋದದ್ದು ಆ ಒಂದು ಹಾಡು. ಬಾಯಾರು ಅಲ್ಲೇ ಕಣ್ಣು ಮುಚ್ಚಿ ನೆನಪಿನಿಂದ ಹಾಡಿದರು. ಕೊನೆಯ ಎರಡು ನುಡಿ ಅವರಿಗೆ ಬರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿ ಅಲ್ಲಿಗೇ ಬಂದು ನಿಂತರು. ಗೆಳೆಯ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

ಆಮೇಲೆ ಎಷ್ಟೋ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಡ್ರೈವು ಗಿರಗಿರ ಅನ್ನುತ್ತ ನಡುವೆ ಸುಮ್ಮನಾಗುತ್ತಿತ್ತು. ಗೆಳೆಯನೂ ಅದೇ ಗೋಳು ಹೇಳಿದ. ಇಬ್ಬರೂ ಸೇರಿ ಮೂರನೆಯ ಆಯ್ಕೆಗೆ ಮತ್ತೆ ಕೂತೆವು. ಬಾಗಿಲು ಮುಚ್ಚಲು ಅವನು ಈಗಲೂ ಒಪ್ಪಲಿಲ್ಲ, ಆದರೆ ಎರಡನೆಯವರಿಗೆ ಓದಲು ಮಾತ್ರ ಬಿಟ್ಟ. ಬೇಕಾದವರಿಗಿರಲಿ ಎಂದು ಎಲ್ಲರಿಗೂ ‘ಬರ್ರಿ’ ಅನ್ನುವ ಹಳೆಯ ನಡತೆಗೂ ಒಂದು ಸ್ವಿಚ್ಚು ಇಡಲು ಹೊರಟಿದ್ದ. ಅದಕ್ಕೆ ಕನ್ನಡ ಬರೆದುಕೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಹೆಸರಿಲ್ಲದ ಸ್ವಿಚ್ಚು ಹಾಗೇ ಬಿದ್ದುಹೋಯಿತು.

ಒಂದು ಸೋಮವಾರ ಅದನ್ನು ಪ್ರೆಸ್ಸಿನಲ್ಲಿ ಹಾಕಿದೆವು. ಬಾಯಾರು ಹಿಂದಿನ ಕೋಣೆಯಲ್ಲಿ ಬರೆಯುತ್ತಿದ್ದಾಗ ಸಾವ್ಕಾರರು ಮುಂದಿನ ಕೋಣೆಯಲ್ಲಿ ಡಿಸ್ಕು ತೆರೆದು, ಪರದೆಯ ಮಾತನ್ನು ಗಟ್ಟಿಯಾಗಿ ಓದಿದರು: “ಒಬ್ಬರು ಬರೀಲಿಕತ್ತಾರ್ರಿ. ನೀವು ಓದಕೋತ ಕುಂದರ್ರಿ.” ಅವರು ಸಿಟ್ಟಾಗಲಿಲ್ಲ.

“ಬಾಯಾರ, ನೀವು ಏಳೂತನ ನಾ ಓದಬೇಕಂತ.”

“ಓದ್ರಿ, ನಿಮ್ಮ ಲಗ್ನ ಎಲ್ಲಿ ಓಡಿ ಹೋಗ್ತದ?”

ಅವರು ಓದುತ್ತ ಕೂತರು. ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಹೋದರು. ಬೇಕೆಂದೇ ನಡುನಡುವೆ ಅವರಿಂದ ಸೇವ್ ಒತ್ತಿಸಿ ನೋಡಿದೆವು. ಬಾಯಾರ ಒಂದಕ್ಷರವೂ ಕದಲಲಿಲ್ಲ.

ಅಂದು ಗೆಳೆಯ ನನ್ನ ಜೊತೆ ಜೇವರ್ಗಿಗೆ ಬಂದ. ಉಂಡು ಮಾಳಿಗೆಯ ಮೇಲೆ ಮಲಗಿದೆವು. ಮರುದಿನ ಬಿಸಿಲು ಮುಖಕ್ಕೆ ಬಡಿದರೂ ನಾವು ಏಳದ್ದನ್ನು ಕಂಡು ಅವ್ವ ಹೆದರಿ, ಇಬ್ಬರ ಹಣೆಯನ್ನೂ ಮುಟ್ಟಿ ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡಳಂತೆ. ನನಗೆ ಅದೂ ಗೊತ್ತಾಗಲಿಲ್ಲ.